ಬದನೆಕಾಯಿ ಬಣ್ಣದ ಮುಖಗಳು

ನನ್ನ ಮೊಮ್ಮಗಳು ಕುಣಿದದ್ದನ್ನು ನೀವು ನೋಡಿಲ್ಲ. ನೋಡಿದ್ದರೆ ನಾನು ಇಷ್ಟೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿ, ತಲೆದೂಗಿ, ಚಹಾ ಕುಡಿದು ಏಳುತ್ತಿದ್ದೆವು. ಶಾಲೆಯ ವಾರ್ಷಿಕೋತ್ಸವದಲ್ಲಿ ಭರತನಾಟ್ಯ. ಮುಂದಿನ ಸಾಲಿನಲ್ಲಿ ನಟ್ಟನಡುವೆ ಅವಳು. ಅಂಗಡಿ ಬಿಟ್ಟು ಬರುವುದು ತಡವಾಗಿ ನನಗೆ ಸಿಕ್ಕಿದ್ದು ಸಭಾಂಗಣದ ಕಟ್ಟಕಡೆಯ ಕುರ್ಚಿ. ಅಲ್ಲಿಂದ ಕಂಡದ್ದು ದೀಪದಡಿಯಲ್ಲಿ ಹಾರಾಡುವ ಸಣ್ಣದೊಂದು ಚುಕ್ಕಿ, ಕೇಳಿದ್ದು ಗೆಜ್ಜೆಯ ಸದ್ದು. ಅಷ್ಟಕ್ಕೇ ಕಣ್ಣು ತುಂಬಿ ಬಂದು, ಪಕ್ಕದಲ್ಲಿದ್ದ ಗುರುತಿಲ್ಲದವರಿಗೆಲ್ಲ 'ನಡುವೆ ಇರುವವಳು ನಮ್ಮವಳು' ಎಂದು ತಮಿಳಿನಲ್ಲಿ ಹೇಳಿದೆ. ಹಿಂದಕ್ಕೆ ತಿರುಗಿಯೂ ಹೇಳಿದೆ. ಹಿಂದೆ ಇದ್ದದ್ದು ಗೋಡೆ.

ಇಷ್ಟು ಹಿಗ್ಗುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅವಳು ತೊಟ್ಟಿದ್ದ ಬ್ಲೌಸಿನ ಬಟ್ಟೆ ನಾನು ಆರಿಸಿ ಕೊಟ್ಟದ್ದು.

ನಮ್ಮದು ಮೂಲತಃ ಬೆಟಗೇರಿ ಕಡೆಯ ನೇಕಾರರ ಮನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಮೀಸೆ ಮೂಡುವ ವಯಸ್ಸಿನಲ್ಲಿ ಮದ್ರಾಸಿಗೆ ಬಂದು, ದೊಡ್ಡ ಸೀರೆ ಅಂಗಡಿಯೊಂದರಲ್ಲಿ ಸೀರೆ ಮಡಚುತ್ತಾ ಮಡಚುತ್ತಾ, ಕೊನೆಗೆ ತಾಂಬರಂನಲ್ಲಿ ನನ್ನದೇ ಒಂದು ಮ್ಯಾಚಿಂಗ್ ಅಂಗಡಿ ಹಾಕಿದೆ. ಗಿರಾಕಿಗಳು ಸೀರೆ ತಂದು ಮೇಜಿನ ಮೇಲೆ ಹರವಿದರೆ ಅದಕ್ಕೆ ಸರಿಯಾಗಿ ಹೊಂದುವ ಬ್ಲೌಸಿನ ಬಟ್ಟೆ, ಲೈನಿಂಗ್, ಫಾಲ್ಸ್ ತೆಗೆದುಕೊಡುವುದು ನಮ್ಮ ಕೆಲಸ. ಗೋಡೆಯ ತುಂಬ ಬಟ್ಟೆಯ ಸುರುಳಿಗಳು. ಹಸಿರು ಎಂದರೆ ಒಂದು ಹಸಿರಲ್ಲ. ಗಿಳಿ ಬೇರೆ, ಬಾಳೆ ಬೇರೆ, ಹುಣಿಸೆ ಚಿಗುರು ಬೇರೆ. ಬೇರೆ ಅಂಗಡಿಗಳಲ್ಲಿ ಸುರುಳಿಯನ್ನೂ ಸೀರೆಯನ್ನೂ ಬೀದಿಗೆ ಒಯ್ದು ಬಿಸಿಲಿಗೆ ಹಿಡಿದು ನೋಡಿದ ಮೇಲೆಯೇ ಕತ್ತರಿ ಹಾಕುತ್ತಾರೆ. ನಮ್ಮಲ್ಲಿ ಆ ಪದ್ಧತಿ ಇರಲಿಲ್ಲ. ನನ್ನ ಕುರ್ಚಿಯಿಂದ ಕೈ ಚಾಚಿ ಎಳೆದದ್ದೇ ಬಣ್ಣ, ಹಾಕಿದ್ದೇ ಕತ್ತರಿ. ಅಣ್ಣಾ ನಗರದಿಂದಲೂ ಹೆಂಗಸರು ಬಂದು, ನಾನಿಲ್ಲದಿದ್ದರೆ 'ಪೆರಿಯವರು ಇಲ್ಲವಾ?', ಹಿರಿಯರು ಇಲ್ಲವಾ, ಎಂದು ಕೇಳಿ ವಾಪಸು ಹೋಗುತ್ತಿದ್ದರು. ಈಗ ವ್ಯವಹಾರ ನೋಡುವವನು ಮಗ. ಆದರೆ ಆ ಕುರ್ಚಿ ನನ್ನದು. ನನಗೆ ಇದ್ದ ಓದು, ಆಸ್ತಿ, ಮರ್ಯಾದೆ ಎಲ್ಲ ಈ ಎರಡು ಕಣ್ಣು.

ಕುಣಿಯುವ ಮಕ್ಕಳಿಗೆಲ್ಲ ಕಡು ನೇರಳೆ ಬಣ್ಣದ ಉಡುಗೆಯನ್ನು ಶಾಲೆಯವರೇ ಹೊಲಿಸಿದ್ದರು. ಬ್ಲೌಸು ಮಾತ್ರ ಮನೆಯವರು ಹೊಂದಿಸಿಕೊಳ್ಳಬೇಕು. ಸೊಸೆ ಬಟ್ಟೆಯ ಚೂರೊಂದನ್ನು ಅಂಗಡಿಗೆ ತಂದಾಗ ನಾನು ಹಿಂದೆಮುಂದೆ ನೋಡದೆ ಸುರುಳಿ ಎಳೆದು ಕತ್ತರಿಸಿ ಕೊಟ್ಟಿದ್ದೆ.

ಆಮೇಲೆ ಶಾಲೆಯಿಂದ ಕುಣಿತದ ವಿಡಿಯೋ ಪೆನ್ ಡ್ರೈವಿನಲ್ಲಿ ಬಂತು. ಆಗಷ್ಟೇ ಮಗ ಹೊಸ ಟಿವಿ ತಂದಿದ್ದ. ಗೋಡೆಯ ಅರ್ಧ ಅದೇ. ಭಾನುವಾರ ಬೆಳಿಗ್ಗೆ ಇಡ್ಲಿ ಮುಗಿಸಿ ಎಲ್ಲರೂ ಕೂತೆವು. ನಾನು ಟಿವಿಗೆ ಮೂಗು ತಾಗುವಷ್ಟು ಹತ್ತಿರ, ನೆಲದ ಮೇಲೆ. ಮಗ ಪೆನ್ ಡ್ರೈವನ್ನು ಸೆಟ್ ಟಾಪ್ ಬಾಕ್ಸಿಗೆ ಸಿಕ್ಕಿಸಿದ. ಬಂದಳು ನಮ್ಮ ರಾಣಿ! ಕೈಮುಗಿದಳು, ನೆಲ ಮುಟ್ಟಿ ನಮಸ್ಕಾರ ಮಾಡಿದಳು.

ನನ್ನ ನಗು ಅಲ್ಲೇ ನಿಂತಿತು. ಉಡುಗೆ ಒಂದು ಬಣ್ಣ, ಬ್ಲೌಸು ಇನ್ನೊಂದು. ನೇರಳೆಯ ಮೇಲೆ ಇದೆಂಥದೋ ಕಂದು, ಹಳೆಯ ಬೆಲ್ಲದ ಹಾಗೆ.

"ಈ ಬ್ಲೌಸ್ ಯಾರು ಬದಲ ಮಾಡಿದ್ರಿ?" ಎಂದೆ.

ನನ್ನಾಕೆ ಒಲೆಯ ಮೇಲೆ ಏನೋ ಇದೆ ಎಂದು ಎದ್ದು ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ, ಇಡ್ಲಿ ಪಾತ್ರೆ ಆಗಲೇ ತೊಳೆದು ಬೋರಲು ಹಾಕಿತ್ತು.

"ಯಾರೂ ಬದಲ ಮಾಡಿಲ್ರಿ ಅಪ್ಪಾ," ಎಂದ ಮಗ. "ನೀವು ಕೊಟ್ಟದ್ದ ಅದು. ಟಿವಿಯೊಳಗ ಬಣ್ಣ ಹಂಗ ಕಾಣಾಕತ್ತೈತಿ. ವಾಯರ್ ಹಳೇದು ಐತಲ್ರಿ."

"ಮತ್ತ ಉಳಿದ ಹುಡುಗ್ಯಾರದು ಸರಿ ಕಾಣತೈತಲ್ಲೋ?"

"ಅಕಿ ನಡುವ ಅದಾಳಲ್ರಿ, ಲೈಟು ಅಲ್ಲೇ ಬೀಳತೈತಿ."

ನಂಬಿದೆ. ಹೊಟ್ಟೆಯಲ್ಲಿ ಹುಟ್ಟಿದ ಮಗ, ಸುಳ್ಳು ಯಾಕೆ ಹೇಳುತ್ತಾನೆ?

ಟಿವಿಯ ಹಿಂದೆ ಬಗ್ಗಿ ನೋಡಿದೆ. ಬಾಕ್ಸಿನಿಂದ ಟಿವಿಗೆ ಕೆಂಪು, ಬಿಳಿ, ಹಳದಿ ಮೂರು ತಂತಿ, ಹಳೆಯ ಡಬ್ಬಾ ಟಿವಿಯ ಕಾಲದ್ದು. ಕನೆಕ್ಷನ್ ಕೊಡಲು ಬಂದವನು ಇದ್ದದ್ದನ್ನೇ ಸಿಕ್ಕಿಸಿ ಹೋಗಿದ್ದ. ವಿಚಾರಿಸಿದಾಗ ತಿಳಿಯಿತು: ಬಾಕ್ಸು ಎಚ್‌ಡಿ, ಚಾನೆಲ್ಲು ಎಚ್‌ಡಿ, ಟಿವಿ ಎಚ್‌ಡಿಗಿಂತ ಒಂದು ಕೈ ಮೇಲೆ; ಆದರೆ ಆ ಮೂರು ತಂತಿಯಲ್ಲಿ ಎಚ್‌ಡಿ ಹರಿಯುವುದೇ ಇಲ್ಲ. ಜರಿಸೀರೆಯನ್ನು ಗೋಣಿಚೀಲಕ್ಕೆ ತುರುಕಿ ಕಳಿಸಿದ ಹಾಗೆ. ಅದಕ್ಕೆ ಎಚ್‌ಡಿಎಂಐ ಎನ್ನುವ ಒಂಟಿ ಕೇಬಲ್ಲೇ ಬೇಕಂತೆ.

ಮರುದಿನವೇ ಲೋಕಲ್ ರೈಲು ಹತ್ತಿ ಎಗ್ಮೋರಿನಲ್ಲಿ ಇಳಿದು, ಮೌಂಟ್ ರೋಡಿನ ಪಕ್ಕದ ಎಲೆಕ್ಟ್ರಾನಿಕ್ಸ್ ಗಲ್ಲಿಗೆ ನಡೆದೆ. ಅಲ್ಲಿ ಅಂಗಡಿಗಳ ಮುಂದೆ ಕೇಬಲ್ಲುಗಳು ಮಲ್ಲಿಗೆ ದಂಡೆಯ ಹಾಗೆ ನೇತಾಡುತ್ತವೆ. ಅಂಗಡಿಯವನು ನನ್ನ ಬಿಳಿ ಪಂಚೆ, ವಿಭೂತಿ ನೋಡಿದವನೇ ಮೇಲಿನ ಗೂಟದಿಂದ ಒಂದನ್ನು ಇಳಿಸಿದ.

"ಗೋಲ್ಡ್ ಪ್ಲೇಟೆಡ್, ಪೆರಿಯವರೇ. ಕಲರ್ ಸುಮ್ಮಾ ಅಳ್ಳುಮ್!" ಎಂದ. ಬಣ್ಣವನ್ನು ಎರಡು ಕೈಯಲ್ಲಿ ಬಾಚಿಕೊಳ್ಳಬಹುದು ಎನ್ನುವ ಹಾಗೆ ಬಾಚಿಯೂ ತೋರಿಸಿದ.

ನನಗೆ ಕೇಬಲ್ಲು ಗೊತ್ತಿಲ್ಲ, ನೇಯ್ಗೆ ಗೊತ್ತು. ಸಾದಾ ಕಪ್ಪು ರಬ್ಬರಿನವನ್ನು ಬದಿಗೆ ಸರಿಸಿ, ಮೇಲೆ ನೂಲಿನ ಹೆಣಿಗೆ ಇದ್ದದ್ದನ್ನು ಹಿಡಿದೆ. ಬೆರಳಿನಿಂದ ಉಜ್ಜಿದೆ, ಬಗ್ಗಿಸಿದೆ, ಎಳೆ ಎಷ್ಟು ಒತ್ತಾಗಿದೆ ನೋಡಿದೆ. ಹೆಣಿಗೆ ಬಿಗಿಯಾಗಿತ್ತು, ಎಲ್ಲೂ ಎಳೆ ತಪ್ಪಿರಲಿಲ್ಲ. ಇಷ್ಟು ಚೆಂದ ನೇಯ್ದವರು ಒಳಗೆ ಕೆಟ್ಟದ್ದನ್ನು ಯಾಕೆ ಇಡುತ್ತಾರೆ ಎಂದು ಅದನ್ನೇ ಕೊಂಡೆ.

ಮನೆಗೆ ಬಂದು ಹಾಕಿಸಿದಾಗ ಏನು ಹೇಳಲಿ! ಮಂಜು ಸರಿದ ಹಾಗೆ ಆಯಿತು. ಟಿವಿಗೆ ಮುಖ ಹಚ್ಚಿ ನೋಡಿದರೆ ಗೆಜ್ಜೆಯ ಒಂದೊಂದು ಮಣಿಯೂ ಬೇರೆ ಬೇರೆ. ಮೇಲ್ತುಟಿಯ ಮೇಲೆ ಬೆವರಿನ ಹನಿ. ಒಂದು ಕಡೆ ಹೆಜ್ಜೆ ತಪ್ಪಿ, ನಾಲಿಗೆ ಕಚ್ಚಿಕೊಂಡು, ಪಕ್ಕದವಳನ್ನು ಓರೆಗಣ್ಣಿನಲ್ಲಿ ನೋಡಿ ಸರಿಮಾಡಿಕೊಂಡಳು ನೋಡಿ, ಅದು ಮೊದಲು ಕಂಡೇ ಇರಲಿಲ್ಲ! ಅದೊಂದನ್ನೇ ತಿರುಗಾ ಮುರುಗಾ ಹಾಕಿಸಿದೆ. 'ಪೋದುಂ ತಾತಾ' ಎಂದು ಅವಳು ನಾಚಿ ಬಾಯಿ ಮುಚ್ಚಿಕೊಂಡಳು. ಸಾಕಂತೆ! ನನಗೆಲ್ಲಿ ಸಾಕು!

ಬ್ಲೌಸು ಮಾತ್ರ ಹಳೆಯ ಬೆಲ್ಲವೇ.

"ಅಪ್ಪಾ, ಈ ಕೇಬಲ್ಲಿನಿಂದ ಬಣ್ಣ ಬದಲಾಗಂಗಿಲ್ರಿ," ಎಂದ ಮಗ. "ಬಂದ್ರ ಪೂರಾ ಬರತೈತಿ. ಇಲ್ಲಾಂದ್ರ ಚುಕ್ಕಿ ಚುಕ್ಕಿ ಬರತೈತಿ, ಇಲ್ಲಾಂದ್ರ ಬರೂದ ಇಲ್ಲ. ಬಂಗಾರದ್ದಿರಲಿ, ತಗಡಿಂದಿರಲಿ, ಅಷ್ಟ."

"ಮತ್ತ ಹಿಂಗ್ಯಾಕ ಐತಿ?"

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಗಲಾದರೂ ಹೇಳಬಹುದಿತ್ತು. "ಸೆಟ್ಟಿಂಗ್ ಇರಬೇಕ್ರಿ," ಎಂದು ಸ್ಕೂಟರ್ ಕೀ ತೆಗೆದುಕೊಂಡು ಹೊರಟ.

ಸರಿ, ಸೆಟ್ಟಿಂಗಿಗೆ ಇಳಿದೆ. ರಿಮೋಟು ನನ್ನ ಕೈಯಲ್ಲಿ, ಇಂಗ್ಲಿಷ್ ಓದಿ ಹೇಳುವವಳು ಮೊಮ್ಮಗಳು, ನನ್ನ ತೊಡೆಗೆ ಒರಗಿಕೊಂಡು. ಆ ಸಂಜೆಗಳ ಸುಖವನ್ನು ಯಾರು ಬಂದು ಕೇಳಿದರೂ ಕೊಡಲಾರೆ. ವಿವಿಡ್ ಎಂದು ಒಂದಿದೆ. ಅಂಗಡಿಯಲ್ಲಿ ಟಿವಿಗಳು ಹೊಳೆಯುವುದು ಅದರಲ್ಲೇ. ಅದು ಗಿರಾಕಿಯ ಕಣ್ಣು ಕುಕ್ಕುವುದಕ್ಕೆ ಮಾತ್ರ, ಮನೆಗೆ ಆಗುವುದಿಲ್ಲ. ಶಾರ್ಪ್‌ನೆಸ್ ಏರಿಸಿದರೆ ಚೂಪಾಗುತ್ತದೆ ಎಂದುಕೊಂಡಿದ್ದೆ. ಮುಖದ ಸುತ್ತ ಸುಣ್ಣದ ಗೆರೆ ಎಳೆದ ಹಾಗಾಯಿತು, ಇಳಿಸಿದೆ. ಚಲನೆಯನ್ನು ನುಣುಪು ಮಾಡುವ ಒಂದು ಗುಂಡಿ ಹಾಕಿದಾಗ ಮಗು ನೀರಿನ ಮೇಲೆ ಜಾರುವ ಹಾಗೆ ಕುಣಿದಳು, ಹೆಜ್ಜೆಯ ತೂಕವೇ ಹೋಯಿತು, ಅದನ್ನೂ ತೆಗೆಸಿದೆ. ವಾರ್ಮ್, ಕೂಲ್ ಎಂದು ಎರಡು ದಿಕ್ಕು. ವಾರ್ಮ್ ಕಡೆಗೆ ಹೋದರೆ ನನಗೆ ಎಲ್ಲಕ್ಕೂ ಅರಿಶಿನ ಬಳಿದ ಹಾಗೆ. ಕೂಲ್ ಕಡೆಗೆ ಹೋದೆ. ಇನ್ನೂ ಹೋದೆ. ಕೆಂಪು ಇಳಿಸಿ ನೀಲಿ ಏರಿಸುತ್ತಾ ಏರಿಸುತ್ತಾ ಕೊನೆಯ ಗೆರೆ ಮುಟ್ಟಿದಾಗ ಬಂತು ನೋಡಿ, ಬ್ಲೌಸೂ ಉಡುಗೆಯೂ ಒಂದಾದವು!

"ಈಗ ಸರಿ ಆತು!" ಎಂದು ಕೂಗಿದೆ. "ನಾ ಕೊಟ್ಟ ಬಣ್ಣ ಇದು!"

ನನ್ನಾಕೆ ಅಡುಗೆಮನೆಯಿಂದ ಇಣುಕಿ, "ಹೂಂ, ಭಾಳ ಚಂದ ಆಗೈತ್ರಿ," ಎಂದಳು. ಮದುವೆಯಾದಾಗಿನಿಂದ ನಾನು ಮಾಡಿದ ಒಂದು ಕೆಲಸವನ್ನೂ ಚಂದ ಎಂದವಳಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಆ ಬಣ್ಣವನ್ನು ಯಾರೂ ಮುಟ್ಟಬಾರದು ಎಂದು ಅಪ್ಪಣೆ ಮಾಡಿದೆ. ಅಂಗಡಿಯಲ್ಲಿ ಬಂದವರಿಗೆಲ್ಲ ಹೇಳಿದೆ: ಟಿವಿಯನ್ನೂ ಮ್ಯಾಚ್ ಮಾಡಿದೆ, ಈ ಕಣ್ಣಿಗೆ ಟಿವಿಯೂ ಸೋತಿತು ಎಂದು.

ಒಂದು ಮಧ್ಯಾಹ್ನ ಬಜಾರಿನಲ್ಲಿ ಕರೆಂಟು ಹೋಗಿ, ಮಗನನ್ನು ಅಂಗಡಿಯಲ್ಲಿ ಬಿಟ್ಟು ಬೇಗ ಮನೆಗೆ ಬಂದೆ. ಬಾಗಿಲು ತೆರೆದಿತ್ತು. ಒಳಗೆ ಧಾರಾವಾಹಿ. ಬಾಲ್ಕನಿಯಿಂದ ನನ್ನನ್ನು ಕಂಡ ಮೊಮ್ಮಗಳು ಓಡಿಬರುತ್ತಾ ಕೂಗಿದಳು:

"ತಾತಾ ವರ್ರಾರು! ಪಾಟಿ, ಮಾತ್ತುಂಗ, ಮಾತ್ತುಂಗ!"

ತಾತ ಬರುತ್ತಿದ್ದಾರೆ, ಅಜ್ಜೀ, ಬದಲಿಸಿ ಎಂದು. ನಾನು ಹೊಸ್ತಿಲ ಮೇಲೆ ನಿಂತಿದ್ದ ಹಾಗೆಯೇ ನನ್ನಾಕೆ ರಿಮೋಟು ಒತ್ತಿದಳು. ಪರದೆಯ ಮೇಲಿನ ಮದುಮಗಳು ನನ್ನ ಕಣ್ಣೆದುರೇ ಒಂದು ಬಣ್ಣದಿಂದ ಇನ್ನೊಂದು ಬಣ್ಣಕ್ಕೆ ತಿರುಗಿದಳು. ಅವರಿಗೊಂದು ಚಿತ್ರ, ನನಗೊಂದು ಚಿತ್ರ! ನಾನು ಮನೆಯಲ್ಲಿದ್ದಾಗ ನನ್ನದು, ಮೆಟ್ಟಿಲು ಇಳಿದ ಕೂಡಲೇ ಅವರದು. ಎರಡನ್ನೂ ಟಿವಿಯ ಬೇರೆ ಬೇರೆ ಪಿಕ್ಚರ್ ಮೋಡ್‌ಗಳಲ್ಲಿ ಉಳಿಸಿಟ್ಟುಕೊಂಡಿದ್ದರು.

"ಏನಿದು?" ಎಂದೆ.

ನನ್ನಾಕೆ ರಿಮೋಟನ್ನು ಸೆರಗಿನಡಿ ಇಟ್ಟುಕೊಂಡು, ಇನ್ನು ಉಳಿಯದು ಎಂದು ಗೊತ್ತಾಗಿ, ನನ್ನ ಮೇಲೆಯೇ ಹರಿಹಾಯ್ದಳು. "ಮತ್ತೇನ್ ಮಾಡೂದ್ರಿ? ಎಲ್ಲಾರ ಮಾರಿ ಬದನಿಕಾಯಿ ಆಗಿ ಕುಂತಾವು. ದೇವರ ಪೂಜಿ ತೋರಿಸಿದ್ರೂ ಬದನಿಕಾಯಿ, ಸುದ್ದಿ ಓದಾವನೂ ಬದನಿಕಾಯಿ! ಎಷ್ಟಂತ ನೋಡೂದು?"

"ಅವತ್ತ ಚಂದ ಆಗೈತಿ ಅಂದಿ?"

"ಅಂದೆ. ನಿಮ್ಮ ಮಾರಿ ನೋಡಿ ಅಂದೆ."

ನನ್ನ ಕಣ್ಣಿಗೆ ಆ ಚಿತ್ರದಲ್ಲಿ ಯಾರೂ ಬದನೆಕಾಯಿ ಆಗಿರಲಿಲ್ಲ. ಮೂಡುವ ಬೆಳಕಿನಲ್ಲಿ ನಿಂತವರ ಹಾಗೆ ಸೊಗಸಾಗಿದ್ದರು. ಕೆಳಗೆ ಕೂತು ಮೊಮ್ಮಗಳನ್ನು ಹತ್ತಿರ ಕರೆದೆ.

"ನೀ ಹೇಳವ್ವಾ. ಆ ಬ್ಲೌಸ್ ಯಾವ ಬಣ್ಣದ್ದು?"

ಅವಳು ಅಜ್ಜಿಯ ಕಡೆ ನೋಡಲೇ ಇಲ್ಲ. "ಬ್ರೌನ್ ಅಜ್ಜಾ. ಎಲ್ಲಾರದೂ ಪರ್ಪಲ್. ನಂದು ಮಟ್ಟುಂ ಬ್ರೌನ್. ಮ್ಯಾಚೇ ಇಲ್ಲ."

"ಟಿವಿ ಒಳಗ ಏನು?"

"ಟಿವಿ ಒಳಗ ಇಲ್ಲ. ನಿಜವಾಗ್ಲೂ! ಮಿಸ್ ನೋಡಿ ಅಯ್ಯೋ ಅಂದ್ರು. ಅಮ್ಮ ಬೇರೆ ಬ್ಲೌಸ್ ತಂದಿದ್ಲು. ನಾ ಹಾಕ್ಕೊಳ್ಳಾಂಗಿಲ್ಲ ಅಂದೆ."

"ಯಾಕವ್ವಾ?"

ನನಗೆ ಇಷ್ಟೂ ತಿಳಿಯುವುದಿಲ್ಲವೇ ಎನ್ನುವ ಹಾಗೆ ನೋಡಿದಳು. "ನೀವ್ ತಾನೇ ಕೊಟ್ಟಿದ್ದು!"

"ನನಗ್ಯಾಕ ಹೇಳಲಿಲ್ಲ?"

"ನೀವ್ ಕೇಳಲೇ ಇಲ್ಲ ಅಜ್ಜಾ. ಅಪ್ಪನ್ನ ಕೇಳಿದ್ರಿ, ಕೇಬಲ್ ಅಂಗಡಿ ಅಂಕಲ್‌ನ ಕೇಳಿದ್ರಿ. ನನ್ನ ಬರೇ ಇಂಗ್ಲಿಷ್ ಓದು ಅಂದ್ರಿ."

ಅಷ್ಟು ಮಕ್ಕಳ ನಡುವೆ, ಎಲ್ಲರೂ ನೋಡುವ ಜಾಗದಲ್ಲಿ, ಅಜ್ಜ ಕೊಟ್ಟದ್ದೆಂದು ತಪ್ಪು ಬಣ್ಣ ತೊಟ್ಟು ನಗುನಗುತ್ತಾ ಕುಣಿದಿದ್ದಾಳೆ! ಆ ಹುಡುಗಿಯನ್ನು ತಲೆಯ ಮೇಲೆ ಕೂರಿಸಿಕೊಂಡು ತಾಂಬರಂ ತುಂಬ ಮೆರೆಸೋಣ ಎನ್ನಿಸಿತು. ಅದೇ ಗಳಿಗೆಯಲ್ಲಿ, ಇದೆಲ್ಲ ಗೊತ್ತಿದ್ದೂ ನನ್ನನ್ನು ಬಿಸಿಲಿನಲ್ಲಿ ಕೇಬಲ್ಲು ತರಲು ಅಲೆಸಿದ ಮಗನ ಮುಖ ಕಣ್ಣಿಗೆ ಬಂತು. ಕಳಚಿಟ್ಟ ಚಪ್ಪಲಿ ಮತ್ತೆ ಮೆಟ್ಟಿಕೊಂಡು ಅಂಗಡಿಗೆ ನಡೆದೆ.

ಕರೆಂಟು ಬಂದಿತ್ತು. ಮಗ ಒಬ್ಬನೇ ಇದ್ದ. ಬಟ್ಟೆ ಕತ್ತರಿಸುವ ಮೇಜಿನ ಕೆಳಗಿನ ಖಾನೆ ತೆರೆದು, ಬಗ್ಗಿ, ಏನನ್ನೋ ಜೋಡಿಸುತ್ತಿದ್ದ. ನನ್ನನ್ನು ಕಂಡು ಬಾಗಿಲು ದೂಡಿದ. ನಾನು ಕಾಲು ಅಡ್ಡ ಇಟ್ಟೆ.

ಒಳಗೆ ಕತ್ತರಿಸಿದ ಬ್ಲೌಸ್ ಪೀಸುಗಳು, ಒತ್ತೊತ್ತಾಗಿ. ಎಲ್ಲವೂ ನನ್ನ ಕತ್ತರಿಯವು. ನನ್ನ ಅಂಚು ನನಗೆ ಗೊತ್ತು. ನಾನು ಆರಿಸಿ ಕೊಟ್ಟದ್ದನ್ನು ಗಿರಾಕಿಗಳು ಮೆಟ್ಟಿಲು ಇಳಿದ ಮೇಲೆ ಬೀದಿಯ ಬಿಸಿಲಿಗೆ ಹಿಡಿದು ನೋಡಿ, ನಾನು ಊಟಕ್ಕೆ ಹೋದ ಹೊತ್ತು ಕಾದು ವಾಪಸು ತಂದಿದ್ದರು. ಅವನು ಬೇರೆ ಕತ್ತರಿಸಿ ಕೊಟ್ಟು ಕಳಿಸಿದ್ದ. 'ಪೆರಿಯವರು ಇಲ್ಲವಾ' ಎಂದು ಕೇಳುತ್ತಿದ್ದವರು ಯಾವಾಗಿನಿಂದ ನಾನಿಲ್ಲದ ಹೊತ್ತು ನೋಡಿ ಬರತೊಡಗಿದರೋ! ನಾನು ಆ ಕುರ್ಚಿಯಲ್ಲಿ ಸೀರೆ ಅಂಗಡಿಯ ಬಾಗಿಲಿನ ಬೊಂಬೆಯ ಹಾಗೆ ಕೂತಿದ್ದೆ. ಇಡೀ ಬಜಾರಿಗೆ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ.

"ಯಾಕೋ ಹೇಳಲಿಲ್ಲ?"

"ಹೇಳಿದ್ರ ನೀವು ಕುರ್ಚಿ ಬಿಟ್ಟು ಎದ್ದು ಹೋಗ್ತಿದ್ರಿ ಅಪ್ಪಾ."

"ಹೌದೋ, ಎದ್ದು ಹೋಗ್ತಿದ್ದೆ. ಕಣ್ಣಿನ ಡಾಕ್ಟರ ಕಡೆ ಹೋಗ್ತಿದ್ದೆ!"

ಕನಿಕರದಿಂದಲೇ ಮಾಡಿದ್ದಾನೆ, ಒಪ್ಪುತ್ತೇನೆ. ಆದರೆ ನನಗೆ ಬೈದು, ಕುರ್ಚಿಯಿಂದ ಎಬ್ಬಿಸಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಮನೆಯಲ್ಲಿ ಅತ್ತೆ, ಸೊಸೆ, ಮಗ ಕೂತು ನನ್ನ ಬಗ್ಗೆ ಮಾತಾಡಿಕೊಂಡು, ನಾನು ಬಂದ ಕೂಡಲೇ ಮಾತು ಬದಲಿಸಿದ್ದಾರೆ, ಟಿವಿ ಬದಲಿಸಿದ ಹಾಗೆ.

ಡಾಕ್ಟರು ಕಣ್ಣಿಗೆ ದೀಪ ಬಿಟ್ಟು ನೋಡಿ, ಪೊರೆ ಚೆನ್ನಾಗಿ ಬಲಿತಿದೆ ಎಂದರು. ತಿಳಿಯಾಗಿ ಇರಬೇಕಾದ ಗಾಜು ಚಹಾದ ಬಣ್ಣಕ್ಕೆ ತಿರುಗಿದ ಹಾಗಂತೆ. ನೀಲಿ, ನೇರಳೆ ಮೊದಲು ಕೈಬಿಡುತ್ತವಂತೆ. ಅಂಗಡಿಯ ಮಂದ ಬೆಳಕಿನಲ್ಲಿ ಕಡು ನೇರಳೆಯೂ ಕಂದೂ ಒಂದೇ ಆಗಿ ಕಂಡು, ಟಿವಿಯ ಹೊಳಪಿನಲ್ಲಿ ಮಾತ್ರ ಬೇರೆಯಾಗುತ್ತವಂತೆ. ಮೆಲ್ಲಮೆಲ್ಲನೆ ಆಗುವುದರಿಂದ ಅವರವರಿಗೆ ತಿಳಿಯುವುದೇ ಇಲ್ಲವಂತೆ. ಇಷ್ಟು ವರ್ಷ ಅನ್ನ ಹಾಕಿದ ಕಣ್ಣು ಅದು. ಅದೂ ನನಗೆ ಒಂದು ಮಾತು ಹೇಳಲಿಲ್ಲ.

ಒಂದು ಕಣ್ಣಿನ ಆಪರೇಷನ್ ಮುಗಿದು ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದು ಆ ವಿಡಿಯೋ ಹಾಕು ಎಂದೆ. ಮೊದಲು ನನ್ನ ಚಿತ್ರದಲ್ಲಿ. ಅಬ್ಬಾ! ಮಕ್ಕಳ ಮುಖವೆಲ್ಲ ಬದನೆಕಾಯಿ, ಹಲ್ಲು ನೀಲಿ. ಇದನ್ನು ಎಲ್ಲರ ಕಣ್ಣಿಗೆ ಉಣ್ಣಿಸಿದೆನಲ್ಲ! ಆಮೇಲೆ ಅವರ ಚಿತ್ರದಲ್ಲಿ. ನೇರಳೆಯ ಸಾಲಿನ ನಡುವೆ ಒಂದೇ ಒಂದು ಕಂದು ಬ್ಲೌಸು, ದೂರದಿಂದ ಕಂಡರೂ ಗುರುತು ಹಿಡಿಯಬಹುದು. ಅದರ ಮೇಲೆ ಬೆಳ್ಳಗೆ ನಗುವ ಮುಖ, ಮಾವಿನ ಚಿಗುರಿನ ಮೈಬಣ್ಣ. ಮೊಮ್ಮಗಳ ಮೈಬಣ್ಣ ಇದು ಎಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಸಂತೋಷಕ್ಕೆ ಕೂಗಿದೆನೋ ಸಂಕಟಕ್ಕೆ ಕೂಗಿದೆನೋ, ನನ್ನಾಕೆ ಕಣ್ಣಿಗೆ ಬಿಡುವ ಔಷಧಿ ಹಿಡಿದು ಓಡಿಬಂದಳು.

ಇನ್ನೊಂದು ಕಣ್ಣೂ ಆದ ಮೇಲೆ ಕುರ್ಚಿಗೆ ಮರಳಿದೆ. ಮೊದಲ ಗಿರಾಕಿ ಮುಂದಿಟ್ಟದ್ದು ಕಡುನೀಲಿ ಸೀರೆ. ಸುರುಳಿ ಎಳೆದು ಮಗನಿಗೆ ತೋರಿಸಿದೆ. "ಸರಿ ಐತ್ರಿ ಅಪ್ಪಾ," ಎಂದ. ನಾನು ಬಟ್ಟೆ ಬಿಟ್ಟು ಅವನ ಮುಖ ನೋಡಿದೆ. ಸರಿ ಇದೆ ಎಂದನೋ, ನನಗಾಗಿ ಅಂದನೋ? ಕಣ್ಣು ತಿಳಿಯಾಗಿದೆ, ಬಣ್ಣ ಕಾಣುತ್ತದೆ. ಅವನ ಮಾತಿನಲ್ಲಿ ಏನಿದೆ ಎಂದು ಮಾತ್ರ ಕಾಣಲಿಲ್ಲ. ಕತ್ತರಿ ಕೈಯಲ್ಲೇ ಉಳಿಯಿತು.

ಅಂದು ಶನಿವಾರ, ಶಾಲೆಗೆ ರಜೆ. ಮೊಮ್ಮಗಳು ಸುರುಳಿಗಳ ನಡುವೆ ಕೂತು ಮುರುಕು ತಿನ್ನುತ್ತಿದ್ದಳು. ಈ ಸಲ ಕೇಳಿದೆ.

"ಹೆಂಗೈತವ್ವಾ?"

ಅವಳು ಬೆರಳು ನೆಕ್ಕಿ, ಹತ್ತಿರ ಬಂದು, ಕತ್ತು ವಾರೆ ಮಾಡಿ ನೋಡಿದಳು. "ಇಲ್ಲ ಅಜ್ಜಾ. ಬೇಡ. ಅದರ ಕೆಳಗಿನದು."

"ಯೇ, ಸುಮ್ನಿರ ನೀ," ಎಂದ ಮಗ, ಬೆವರುತ್ತಾ.

ಕೆಳಗಿನದನ್ನು ಎಳೆದು ಸೀರೆಯ ಮೇಲೆ ಇಟ್ಟೆ. ಒಂದು ಎಳೆಯಷ್ಟು ವ್ಯತ್ಯಾಸ. ಅವಳದೇ ಸರಿ. ನನಗೆ ಎಂಥ ನಗು ಬಂತೆಂದರೆ, ಹೊಸ ಕಣ್ಣಿನಿಂದ ನೀರು ಸುರಿಯತೊಡಗಿ, ಡಾಕ್ಟರು ಒರೆಸಬೇಡಿ ಎಂದಿದ್ದರಿಂದ ಹಾಗೆಯೇ ಸುರಿಸಿಕೊಂಡು ಬಟ್ಟೆ ಕತ್ತರಿಸಿದೆ. ಆ ಹೆಂಗಸು ಗಾಬರಿಯಾಗಿ, ಪೆರಿಯವರಿಗೆ ಏನಾಯಿತು ಎಂದು ಮಗನನ್ನು ಕೇಳುತ್ತಿದ್ದಳು.